ಬಾಗ್ಲು ಹಾಕೋ ಆಟ

ಸದಾ ನನ್ನ ಬೆನ್ನ ಹಿಂದೆ ನಿಂತು ನನ್ನನ್ನೇ ಬೈಯುತ್ತಿದ್ದ ಗೆಳೆಯ ರಂಗನಿಗೆ,

ನಿನಗೆ ಕನ್ನಡ ಓದಲು ಬರುತ್ತಿರಲಿಲ್ಲ. ನನಗೂ ಬರುತ್ತಿರಲಿಲ್ಲ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು, ಪರೀಕ್ಷೆಗೆ ಇಂಗ್ಲಿಷು, ನಮ್ಮ ಕಡೆಯವರ ಹಣೆಬರಹವೇ ಅದು. ನೀನು ಹೋದಮೇಲೆ ನನಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿ ಮೈಸೂರಿಗೆ ಹಾಕಿದರು. ಅಲ್ಲಿ ಅಂಗಡಿಗಳ ಬೋರ್ಡು ಓದಿ ಓದಿ ಅಕ್ಷರ ಕಲಿತೆ. ಆಮೇಲೆ ಪೇಪರು, ಆಮೇಲೆ ಪುಸ್ತಕ. ಈಗ ಅಲ್ಲಿಯವರಿಗಿಂತ ಚೆನ್ನಾಗಿ ಬರೆಯುತ್ತೇನೆ ಎಂಬ ಜಂಬವೂ ಬಂದಿದೆ. ಬದುಕಿದ್ದಾಗ ಬಾರದ ಅಕ್ಷರ ಸತ್ತವರಿಗೆ ತಾನಾಗಿ ಬರುತ್ತದೆಂದು ನಂಬಿಕೊಂಡು ಇದನ್ನು ಬರೆಯುತ್ತಿದ್ದೇನೆ. ಬಾರದಿದ್ದರೆ ಅಲ್ಲಿ ಯಾರಾದರೂ ಮೈಸೂರಿನವರು ಇದ್ದೇ ಇರುತ್ತಾರೆ, ಓದಿಸಿಕೋ. ಮೈಸೂರು ಅಂದಕೂಡಲೇ ನಿನಗೆ ಉರಿಯುತ್ತದೆ, ಗೊತ್ತು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಹೋದ ತಿಂಗಳು ವರ್ಗವಾಗಿ ಮತ್ತೆ ಕೊಯಮತ್ತೂರಿಗೆ ಬಂದೆ. ಆರ್.ಎಸ್. ಪುರಂನಲ್ಲಿ ಕೆಲಸ, ಹತ್ತಿರದಲ್ಲೇ ಮಹಡಿಯ ಮೇಲೊಂದು ಕೋಣೆ. ಬಂದ ವಾರವೇ ಒಂದು ಸಂಜೆ ಸೈಕಲ್ ತುಳಿಯುತ್ತ ಹೋದವನು ನೋಡಿದರೆ ನಮ್ಮ ಕಾಲೇಜು ಗ್ರೌಂಡಿನ ಗೋಡೆಯ ಪಕ್ಕದಲ್ಲಿದ್ದೆ. ಆಡಿ ತಿಂಗಳ, ಮೈಸೂರಿನವರು ಆಷಾಢ ಅನ್ನುತ್ತಾರೆ, ಆ ಗಾಳಿ ನಿನಗೆ ನೆನಪಿರಬೇಕಲ್ಲ? ಪಾಲಕ್ಕಾಡಿನ ಕಣಿವೆಯಿಂದ ನುಗ್ಗಿ ಬಂದು ಗ್ರೌಂಡಿನ ಕೆಂಪು ಮಣ್ಣನ್ನೆಲ್ಲ ಎತ್ತಿ ಊರಿನ ಮೇಲೆ ಎರಚುತ್ತದಲ್ಲ, ಅದೇ ಗಾಳಿ. ಕಣ್ಣಿಗೆ ಮಣ್ಣು ಬಿದ್ದು, ಸೈಕಲ್ ನಿಲ್ಲಿಸಿ ಉಜ್ಜಿಕೊಳ್ಳುತ್ತಿದ್ದೆ. ಆಗ ಗೋಡೆಯ ಆಚೆಯಿಂದ ಕೇಳಿಸಿತು.

"ಬಾಗ್ಲು ಹಾಕು!"

ನಿನ್ನ ದನಿ. ನಿನ್ನ ದನಿಯ ಹಾಗೆ ಎಂದು ಬರೆದರೆ ಸುಳ್ಳಾಗುತ್ತದೆ. ಆ 'ಹಾ' ಎನ್ನುವಲ್ಲಿ ಎಳೆಯುವುದು, ಕೊನೆಗೆ ಗಂಟಲು ಸ್ವಲ್ಪ ಒಡೆಯುವುದು... ನಿನ್ನನ್ನು ಮಣ್ಣಿಗಿಟ್ಟು ಆರು ವರ್ಷವಾಯಿತು, ರಂಗ. ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ. ಹಾಡಹಗಲು, ರಸ್ತೆಯ ತುಂಬ ಜನ, ಆದರೂ ನಾನು ತಿರುಗಿ ನನ್ನ ಬೆನ್ನ ಹಿಂದೆ ನೋಡಿದೆ.

ಆ ಕೂಗು ಹುಟ್ಟಿದ್ದು ನೆನಪಿದೆಯಾ? ನಾವು ಎರಡನೇ ವರ್ಷದಲ್ಲಿದ್ದೆವು. ಕಾಲೇಜಿನ ಫುಟ್‌ಬಾಲ್ ಟೀಮಿನಲ್ಲಿ ನೀನು ಗೋಲು ಕಾಯುವ ಗೋಲಿ, ನಾನು ನಿನ್ನ ಮುಂದೆ ನಿಂತು ತಡೆಯುವ ಸ್ಟಾಪರ್. ನಮಗೆ ಆಟ ಕಲಿಸುತ್ತಿದ್ದ ಪಿ.ಡಿ. ಸಾರ್ ಎಲ್ಲಿಂದಲೋ ಆಫ್‌ಸೈಡ್ ಬಲೆ ಎಂಬುದನ್ನು ಕಲಿತು ಬಂದರು. ಎದುರಾಳಿ ತನ್ನ ಜೊತೆಗಾರನಿಗೆ ಬಾಲನ್ನು ಒದೆಯುವ ಹೊತ್ತಿಗೆ ಸರಿಯಾಗಿ ನಾವು ನಾಲ್ಕು ಜನ ಬ್ಯಾಕ್‌ಗಳೂ ಒಟ್ಟಿಗೆ ಮುಂದಕ್ಕೆ ಹೆಜ್ಜೆ ಹಾಕಿಬಿಡಬೇಕು. ನಮ್ಮ ಬೆನ್ನ ಹಿಂದೆ ಉಳಿದುಹೋದ ಆ ಜೊತೆಗಾರ ಆಫ್‌ಸೈಡ್. ರೆಫರಿ ಸೀಟಿ ಊದುತ್ತಾನೆ, ಬಾಲು ನಮಗೆ. ಓಡುವುದೂ ಬೇಡ, ಬೀಳುವುದೂ ಬೇಡ. ನಿನಗೆ ಗೊತ್ತಿರುವುದನ್ನೇ ವಿವರಿಸುತ್ತಿದ್ದೇನೆ, ಬೈಯಬೇಡ. ಬ್ಯಾಂಕಿನಲ್ಲಿ ಕ್ರಿಕೆಟ್ ಒಂದೇ ಆಟ ಅಂದುಕೊಂಡವರಿಗೆ ಹೇಳಿ ಹೇಳಿ ಇದು ಚಾಳಿಯಾಗಿದೆ.

ಹೆಜ್ಜೆ ಯಾವಾಗ ಹಾಕಬೇಕು ಎಂದು ಹೇಳುವುದು ಎಲ್ಲರನ್ನೂ ಹಿಂದಿನಿಂದ ನೋಡುವವನ ಕೆಲಸ, ಅಂದರೆ ನಿನ್ನದು. ಇಂಗ್ಲಿಷಿನಲ್ಲಿ ಕೂಗಿದರೆ ಎದುರಿನವರಿಗೂ ತಿಳಿಯುತ್ತದೆ. 'ಮೇಲೆ' ಅನ್ನೋಣ ಅಂದರೆ ತಮಿಳಿನಲ್ಲೂ ಮೇಲೆಯೇ. ಆಗ ನೀನು ನಿಮ್ಮವ್ವನ ಮಾತನ್ನು ತಂದೆ. ಕಾರಮಡೈಯ ನಿಮ್ಮ ಬಾಳೆತೋಟದ ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಅವ್ವ ದಿನಾ ಕೂಗುತ್ತಿದ್ದದ್ದು: "ಸೊಳ್ಳೆ ಬತ್ತವೆ, ಬಾಗ್ಲು ಹಾಕು!" ನಮ್ಮ ಟೀಮಿನ ತಮಿಳು ಹುಡುಗರು ನಕ್ಕರು, ಆದರೆ ಕಲಿತರು. ಆ ವರ್ಷ ಸುತ್ತಿನ ಕಾಲೇಜುಗಳ ಫಾರ್ವರ್ಡ್‌ಗಳು ಇದೇನು ಮಂತ್ರವೋ ಎಂದು ಬೆಪ್ಪಾಗಿ ನಿಲ್ಲುತ್ತಿದ್ದರು. ನಾವು ಎಷ್ಟು ಮೆರೆದೆವು! ನಮ್ಮ ಮನೆಮಾತು ಹೊಸ್ತಿಲಾಚೆ ಒಂದು ಕೆಲಸಕ್ಕೆ ಬಂದದ್ದು ಅದೇ ಮೊದಲು.

ಗೇಟಿನೊಳಗೆ ಹೋದೆ. ಪೂರ್ವದ ಗೋಲಿನಲ್ಲಿ ಉದ್ದ ತೋಳಿನ ಹಸಿರು ಜರ್ಸಿ ಕಾಣಿಸಿತು. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿದ್ದ ನಿಮ್ಮ ಮಾವ ನಿನಗೆಂದೇ ಹೊಲಿಸಿ ಕೊಟ್ಟದ್ದು. ಎದೆಯ ಮೇಲೆ ಕಪ್ಪಗೆ ಬಾಳೆಕರೆ ಹಾಗೇ ಇದೆ. ಗೊನೆ ಕಡಿಯುವ ದಿನ ನಿಮ್ಮಪ್ಪ ಕತ್ತಿ ಹಾಕಿದರೆ ಕೆಳಗೆ ನೀನು ನಿಂತು ಇಡೀ ಗೊನೆಯನ್ನು ಎದೆಗವಚಿಕೊಳ್ಳುತ್ತಿದ್ದೆ. ನೆಲಕ್ಕೆ ಬಿದ್ದರೆ ಕಾಯಿ ಕಂದುತ್ತದೆ, ವ್ಯಾಪಾರಿ ಮೂಗು ಮುರಿಯುತ್ತಾನೆ. ಪಿ.ಡಿ. ಸಾರ್ ಕಲಿಸಿದ್ದಲ್ಲ ಅದು, ತೋಟ ಕಲಿಸಿದ್ದು. ಯಾವುದನ್ನೂ ನೆಲಕ್ಕೆ ಬಿಡಬಾರದು ಎಂದು ನಿನ್ನ ಮೈಗೇ ಹತ್ತಿಬಿಟ್ಟಿತ್ತು. ಬಿಟ್ಟಿದ್ದರೆ ಇವತ್ತು ನೀನು...

ಜರ್ಸಿಯೊಳಗಿದ್ದವನು ನಿನ್ನ ತಮ್ಮ ಮಾದು. ನೀನು ಹೋದಾಗ ಚಡ್ಡಿ ಹಾಕಿಕೊಂಡಿದ್ದವನು. ಈಗ ನಿನಗಿಂತ ಎತ್ತರ, ನಮ್ಮದೇ ಕಾಲೇಜು, ಎರಡನೇ ವರ್ಷ. ಕಣ್ಣು ನಿಮ್ಮಪ್ಪನದು, ಗಂಟಲು ಮಾತ್ರ ಪೂರ್ತಿ ನಿನ್ನದು. ಅವನು ಕೂಗಿದಾಗ ಮುಂದಿದ್ದ ನಾಲ್ಕು ಬ್ಯಾಕ್‌ಗಳು ಒಟ್ಟಿಗೆ ಹೆಜ್ಜೆ ಹಾಕಿದರು. ನಾಲ್ವರೂ ತಮಿಳಿನವರು, ಒಬ್ಬನಿಗೂ ಕನ್ನಡ ಬರುವುದಿಲ್ಲ. ಆ ಕೂಗು ಅವರಿಗೆ ಸೀಟಿಯ ಹಾಗೆ ಒಂದು ಶಬ್ದ, ಅಷ್ಟೆ. ನೀನು ಹೋದರೂ ನಿನ್ನ ಮಾತು ಅಲ್ಲಿ ಕೆಲಸ ಮಾಡುತ್ತಿತ್ತು. ನಾನು ಸಂತೋಷಪಡಬೇಕಿತ್ತೇನೋ. ಆದರೆ ನನ್ನ ಕಣ್ಣು ಆ ನಾಲ್ವರ ಬೆನ್ನ ಹಿಂದಕ್ಕೇ ಹೋಯಿತು.

ಅಂದಿನಿಂದ ಸಂಜೆಯೆಲ್ಲ ಅಲ್ಲೇ ಕೂತೆ. ಸ್ಟಾಪರ್ ಆಗಿದ್ದವನ ಕಣ್ಣು, ಸುಮ್ಮನಿರುತ್ತದೆಯೇ? ಮೊದಲನೆಯದಾಗಿ, ಆ ಲೈನು. ನಾವು ನಮ್ಮ ಗೋಲಿಗೂ ಸೆಂಟರ್ ಲೈನಿಗೂ ನಡುವೆ ನಿಲ್ಲುತ್ತಿದ್ದೆವು. ಇವರು ಸೆಂಟರ್ ಲೈನಿಗೇ ಹೋಗಿ ನಿಲ್ಲುತ್ತಾರೆ. ಅವರ ಬೆನ್ನಿಗೂ ಮಾದುವಿಗೂ ನಡುವೆ ಒಂದು ಗದ್ದೆಯಷ್ಟು ಜಾಗ ಖಾಲಿ ಬಿದ್ದಿರುತ್ತದೆ. ಎಡಗಡೆಯ ಬ್ಯಾಕು ಒಬ್ಬ ಸೋಮಾರಿ, ಕೂಗು ಕೇಳಿ, ಯೋಚನೆ ಮಾಡಿ, ಆಮೇಲೆ ಹೆಜ್ಜೆ ಎತ್ತುತ್ತಾನೆ. ಒಬ್ಬ ತಡಮಾಡಿದರೆ ಸಾಕು, ಯಾರೂ ಆಫ್‌ಸೈಡ್ ಅಲ್ಲ. ಹಿಂದೆ ಕಾವಲಿಗೆ ಎಂದು ಒಬ್ಬನನ್ನಾದರೂ ಬಿಡಬೇಕಲ್ಲ? ಇಲ್ಲ. ಇನ್ನು ಗಾಳಿ. ಈ ಗ್ರೌಂಡನ್ನು ಪಶ್ಚಿಮ ಪೂರ್ವಕ್ಕೆ ಹಾಸಿದ ಪುಣ್ಯಾತ್ಮನನ್ನು ನಾವು ಬೈಯದ ದಿನವಿತ್ತೇ? ಪೂರ್ವದ ಗೋಲಿನಲ್ಲಿ ನಿಂತವನಿಗೆ ಎದುರು ಗಾಳಿ, ಕಣ್ಣಿಗೆ ಮಣ್ಣು, ಮೋಡ ಸರಿದರೆ ಮುಳುಗುವ ಸೂರ್ಯನೂ ಕಣ್ಣಿಗೇ. ಪಶ್ಚಿಮದಿಂದ ಒದ್ದ ಬಾಲು ಗಾಳಿ ಹಿಡಿದು ನಮ್ಮ ಲೈನನ್ನು ದಾಟಿ ಆ ಖಾಲಿ ಗದ್ದೆಗೇ ಬಂದು ಬೀಳುತ್ತದೆ.

ಇದೆಲ್ಲಕ್ಕಿಂತ ದೊಡ್ಡದು ಇನ್ನೊಂದು. ಬಾಲು ಯಾರ ಕಾಲಲ್ಲಿದೆಯೋ ಅವನಿಗೆ ಆಫ್‌ಸೈಡ್ ಇಲ್ಲ. ಯಾರಿಗೂ ಕೊಡದೆ ತಾನೇ ತಳ್ಳಿಕೊಂಡು ನುಗ್ಗುವವನು ಬಂದರೆ ಈ ಬಲೆಗೆ ಅರ್ಥವೇ ಇಲ್ಲ. ನಾಲ್ಕು ಜನ ಮುಂದಕ್ಕೆ ಹೆಜ್ಜೆ ಹಾಕಿರುತ್ತಾರೆ, ಅವನು ಅವರನ್ನು ದಾಟಿ ಹಿಂದಕ್ಕೆ ಬಂದಿರುತ್ತಾನೆ. ಆಮೇಲೆ ಉಳಿಯುವವರು ಇಬ್ಬರೇ. ಓಡಿ ಬರುತ್ತಿರುವ ಅವನು, ಅವನ ಕಾಲಿಗೆ ಬೀಳಲು ಓಡಿ ಹೋಗುವ ಗೋಲಿ. ಗೋಲಿ ಗಂಡೆದೆಯವನಾದರೆ ಮಾತ್ರ ನಡೆಯುವ ಆಟ ಇದು. ಗೋಲಿಯ ಧೈರ್ಯವನ್ನು ನಂಬಿ ಕಟ್ಟಿದ ಆಟ ಆಟವೇ ಅಲ್ಲ ಎಂದು ಯಾರಿಗೆ ಹೇಳಲಿ?

ಆ ಮೈಸೂರು ಕಡೆಯ ಕಾಲೇಜು ಬಂದಿದ್ದ ದಿನವೂ ಇಂಥದೇ ಗಾಳಿ. ಅವರು ಮೈಸೂರಿನವರು ಎಂದು ನಮಗೆ ಗೊತ್ತಿತ್ತು. ಅವರ ಬಸ್ಸಿನ ಮೇಲೆ ಕನ್ನಡ ಬರೆದಿತ್ತು, ನಮಗೆ ಓದಲು ಬರಲಿಲ್ಲ ಅಷ್ಟೆ. ಆದರೂ ನಮ್ಮ ಹನ್ನೊಂದು ತಲೆಗಳಲ್ಲಿ ಒಂದಕ್ಕೂ ಹೊಳೆಯಲಿಲ್ಲ ನೋಡು! ಕನ್ನಡ ಅಂದರೆ ನಮಗೆ ಅವ್ವನ ಅಡುಗೆಮನೆ, ಅಜ್ಜಿಯ ಬೈಗುಳ, ನಮ್ಮವರ ಮದುವೆ. ಅದನ್ನು ಒಂದು ಇಡೀ ರಾಜ್ಯವೇ ಬೀದಿಯಲ್ಲಿ ನಿಂತು ಮಾತಾಡುತ್ತದೆ ಎಂಬುದು ಯಾರಿಗೆ ನೆನಪು? ನೀನು "ಬಾಗ್ಲು ಹಾಕು" ಅಂದೆ. ಅವರ ಆ ಉದ್ದನೆಯ ಫಾರ್ವರ್ಡ್ ನಕ್ಕ. ನಾನು ಕಂಡೆ, ಅವನು ನಕ್ಕದ್ದನ್ನು. ಬಾಲನ್ನು ಕೊಡುವವನಂತೆ ಕಾಲೆತ್ತಿ, ಕೊಡದೆ, ನಾವು ಹೆಜ್ಜೆ ಹಾಕಿದ ಕ್ಷಣಕ್ಕೆ ತಾನೇ ತಳ್ಳಿಕೊಂಡು ನನ್ನ ಪಕ್ಕದಲ್ಲೇ ದಾಟಿದ. ತಿರುಗಿ ನೋಡುವಷ್ಟರಲ್ಲಿ ನೀನು ಹೊರಟಾಗಿತ್ತು.

ಅವನ ಮೊಣಕಾಲು ನಿನ್ನ ಎಡಪಕ್ಕೆಯ ಕೆಳಗೆ ಹೊಕ್ಕಿತು. ಬಾಲು ಮಾತ್ರ ನಿನ್ನ ಎದೆಯಲ್ಲೇ ಇತ್ತು. ಅದನ್ನು ಬಿಡಿಸಿಕೊಳ್ಳಲು ನಾನು ನಿನ್ನ ಬೆರಳು ಬಿಚ್ಚಬೇಕಾಯಿತು. ಆಮೇಲೆ ನೀನು ಎದ್ದು ನಿಂತೆಯಲ್ಲ, ನನಗೆ ಈಗಲೂ ಅರ್ಥವಾಗದ್ದು ಅದು. ನಕ್ಕೆ. ಪೂರ್ತಿ ಆಡಿದೆ. ಗೆದ್ದೆವು. ಆ ಫಾರ್ವರ್ಡ್ ಬಂದು ನಿನ್ನ ಕೈ ಕುಲುಕಿ, "ಏನ್ ಗುರೂ, ನೀವೂ ಕನ್ನಡದವ್ರಾ? ಮೊದ್ಲಿಂದ ಕೇಳಿಸ್ಕೋತಾ ಇದ್ದೆ" ಅಂದ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನು ಆಡಿದ್ದು ನ್ಯಾಯದ ಆಟ. ನೀನು ಸೋಡಾ ಕುಡಿದು ಕಾರಮಡೈ ಬಸ್ಸು ಹತ್ತಿದೆ. ಮರುದಿನ ಬೆಳಿಗ್ಗೆ ಗೊನೆ ಹಿಡಿಯಲು ನಿಂತವನು ಗೊನೆಯ ಜೊತೆ ಕುಸಿದೆಯಂತೆ. ಒಳಗೇ ರಕ್ತ ಸೋರಿತ್ತು ಎಂದರು ಡಾಕ್ಟರು. ನೋವು ಅಂತ ಒಂದು ಮಾತು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತೋ, ಬಡ್ಡೀಮಗನೇ!

ಅವತ್ತು ನಿಮ್ಮ ಅಂಗಳದಲ್ಲಿ ಪಿ.ಡಿ. ಸಾರ್ ಅತ್ತದ್ದನ್ನು ನಾನು ನೋಡಿದ್ದೇನೆ. ನಾಟಕವಲ್ಲ, ನಿಜವಾಗಿ ಅತ್ತರು. ಬಲೆಯ ಆಟ ಅವತ್ತಿಗೇ ಬಿಟ್ಟರು. ಆಮೇಲೆ ವರ್ಷ ವರ್ಷವೂ ಕಾಲೇಜು ಎಲ್ಲರ ಹತ್ತಿರ ಒದೆ ತಿಂದಿತು. ಹೋದ ವರ್ಷ ಮೆಕ್ಸಿಕೋದಲ್ಲಿ ನಡೆದ ವಿಶ್ವಕಪ್ಪನ್ನು ಟಿವಿಯಲ್ಲಿ ತೋರಿಸಿದರು, ಊರೆಲ್ಲ ಹುಚ್ಚೆದ್ದು ನೋಡಿತು. ಸಾರ್ ಕೂಡ ನೋಡಿದರು. ದೊಡ್ಡ ದೊಡ್ಡ ದೇಶಗಳೇ ಹೀಗೆ ಲೈನು ಕಟ್ಟುತ್ತವೆ ಎಂದು ಅವರ ಹಳೆಯ ಹುಳ ಎದ್ದಿತು. ಕೂಗನ್ನೂ ಹಳೆಯದನ್ನೇ ಇಟ್ಟುಕೊಂಡರು, ಬಾಯಿಗೆ ಚೆನ್ನಾಗಿ ಕೂರುತ್ತದೆ ಅಂತ. ನಾನು ಅವರ ಕೋಣೆಗೆ ಹೋಗಿ, ನಾಲ್ವರಲ್ಲಿ ಒಬ್ಬನನ್ನಾದರೂ ಹಿಂದೆ ನಿಲ್ಲಿಸಿ ಸಾರ್, ಗಾಳಿಗೆ ಎದುರಾಗಿ ಆಡುವ ಅರ್ಧದಲ್ಲಾದರೂ ಲೈನು ಇಳಿಸಿ ಎಂದೆ. ಅವರು ತಮಿಳಿನಲ್ಲಿ ಸಮಾಧಾನವಾಗಿಯೇ ಹೇಳಿದರು: "ತಂಬಿ, ನೀನು ಆಡಿದ ಕಾಲ ಬೇರೆ. ಅವತ್ತು ಆದದ್ದು ಗ್ರಹಚಾರ. ಗ್ರಹಚಾರಕ್ಕೂ ಆಟಕ್ಕೂ ಗಂಟು ಹಾಕಬೇಡ. ಫೈನಲ್ ಬಂದಿದ್ದೇವೆ ನೋಡು." ಗೆಲ್ಲುವವನ ಹತ್ತಿರ ತಪ್ಪಿನ ಮಾತು ಆಡಿದರೆ ಹೊಟ್ಟೆಕಿಚ್ಚು ಅಂದುಕೊಳ್ಳುತ್ತಾರೆ. ಕಾಫಿ ಕುಡಿದು ಎದ್ದು ಬಂದೆ.

ಫೈನಲ್ ಆಡುವ ಇನ್ನೊಂದು ಕಾಲೇಜಿನ ಆಟ ನೋಡಲು ಬೇಕೆಂದೇ ರಜೆ ಹಾಕಿ ಹೋದೆ. ನೋಡಬಾರದಿತ್ತು. ಅವರ ಫಾರ್ವರ್ಡ್ ಗೂಳಿಯಂಥ ಹುಡುಗ. ಯಾರಿಗೂ ಪಾಸ್ ಕೊಡುವುದಿಲ್ಲ, ಜೊತೆಯವರೇ ಬೈಯುತ್ತಾರೆ. ಬಾಲು ಕಾಲಿಗೆ ಸಿಕ್ಕರೆ ತಲೆ ತಗ್ಗಿಸಿ ನೇರ ಗೋಲಿಗೆ. ಓಡುವಾಗ ಮೊಣಕಾಲು ಹೊಟ್ಟೆಯ ಮಟ್ಟಕ್ಕೆ ಏಳುತ್ತದೆ. ನಾನು ಆಟ ಮುಗಿಯುವ ತನಕ ಆ ಮೊಣಕಾಲು ಬಿಟ್ಟು ಬೇರೇನೂ ನೋಡಲಿಲ್ಲ.

ಮಾದುವನ್ನು ಹಿಡಿದು ಹೇಳಿದೆ. ಪ್ರಾಕ್ಟೀಸು ಮುಗಿಸಿ ನಲ್ಲಿಯ ಕೆಳಗೆ ತಲೆ ಒಡ್ಡಿ ಕೂತಿದ್ದ. "ನೋಡು ಮಾದು, ಅವನೊಬ್ಬನೇ ನುಗ್ಗಿ ಬಂದ್ರೆ ನೀ ಆಚೆ ಓಡ್ಬೇಡ. ಗೋಲಿನಲ್ಲೇ ನಿಲ್ಲು. ಬಿದ್ರೆ ಬೀಳ್ಲಿ ಒಂದು ಗೋಲು" ಎಂದೆ. ಅವನು ಮುಖದ ನೀರು ಒರೆಸಿಕೊಂಡು ನನ್ನನ್ನೇ ನೋಡಿದ.

"ನಂಜಣ್ಣ, ಅಣ್ಣ ನಿಂತಿದ್ದ ಜಾಗ ಇದು. ಅಣ್ಣ ಬುಟ್ನಾ?"

"ಬಿಡಲಿಲ್ಲ. ಅದಕ್ಕೇ ಇವತ್ತು ಇಲ್ಲ."

"ಬುಟ್ಟಿದ್ರೆ ನೀವೆಲ್ಲ ಅಣ್ಣನ ಹೆಸ್ರು ಇನ್ನೂ ಹೇಳ್ತಿದ್ರಾ? ಸೆರಿ ಬುಡಿ" ಎಂದು ಸೈಕಲ್ ಹತ್ತಿ ಹೋದ. ನೀನು ಬಾಲು ಹಿಡಿದ ಕತೆಯನ್ನು ಊರಿಗೆಲ್ಲ ಹೇಳಿದವರು ನಾವೇ. ಸತ್ತವನನ್ನು ಹೊಗಳುವುದು ಬದುಕಿರುವವನಿಗೆ ಎಷ್ಟು ಅಪಾಯ ಎಂದು ಆಗ ಯಾರಿಗೆ ಗೊತ್ತಿತ್ತು...

ಇವತ್ತು ಮಧ್ಯಾಹ್ನ ಕಾರಮಡೈಗೆ ಹೋಗಿದ್ದೆ. ಅವ್ವ ಕೊಟ್ಟಿಗೆಯ ಮುಂದೆ ಕೂತು ಬಾಳೆಎಲೆ ಸುತ್ತುತ್ತಿದ್ದಳು. ನನ್ನನ್ನು ಕಂಡು, ನಿಮ್ಮನ್ನು ಕರೆಯುವ ಹಾಗೇ ನನ್ನನ್ನೂ ಕಣ್ಣು ಎಂದು ಕರೆದು, "ಏನ್ ಕಣ್ಣು, ನಂಜ! ಎಷ್ಟ್ ವರ್ಸ ಆಯ್ತು ನಿನ್ ಮೊಕ ನೋಡಿ. ಎಳ್ಚೋಗಿದ್ದೀಯಲ್ಲಾ ಸಾಮಿ, ಬರೀ ಮೂಳೆ ಕಾಣ್ತವೆ" ಎಂದಳು. ಮೊಸರನ್ನ ಬಡಿಸಿದಳು. ಉಣ್ಣುತ್ತ ಮಾದು ಹೇಗೆ ಓದುತ್ತಾನೆ ಎಂದು ಕೇಳಿದೆ. "ಓದ್ತಾನೆ ಓದ್ತಾನೆ. ಸಾಯಂಕಾಲ ಶೆಟ್ಲು ಆಡ್ತಾನಂತೆ, ಆ ಕೋಳಿಪುಕ್ಕ ಹೊಡೀತಾರಲ್ಲ ಅದು. ಪಂದು ಮುಟ್ಟಾಕಿಲ್ಲ ಅಂತ ನನ್ ತಲೆ ಮ್ಯಾಲೆ ಕೈಯಿಟ್ಟು ಆಣೆ ಮಾಡವ್ನೆ." ಪಂದು ಅಂದರೆ ನಮ್ಮ ಕಡೆ ಚೆಂಡು, ನೀನು ಮರೆತಿರಲಾರೆ. ಒಳಗಿನ ಟ್ರಂಕನ್ನು ಕಣ್ಣಲ್ಲೇ ತೋರಿಸಿ, "ರಂಗನ ಬಟ್ಟೆ ಅದ್ರಲ್ಲೇ ಅವೆ. ನಾ ಇನ್ನೂ ತೆಗ್ದಿಲ್ಲ, ತೆಗ್ಯಾಕೆ ಆಗಾಕಿಲ್ಲ" ಎಂದಳು. ಆ ಟ್ರಂಕಿನಲ್ಲಿ ಏನಿಲ್ಲ ಎಂಬುದು ನನಗೆ ಗೊತ್ತಿತ್ತು. ಕಲಸಿದ ತುತ್ತನ್ನು ಎಲೆಯಲ್ಲೇ ಬಿಟ್ಟೆ.

ಹೇಳಿಬಿಟ್ಟೆ, ರಂಗ. ಎಲ್ಲ ಹೇಳಿದೆ. ಜರ್ಸಿ, ಗೋಲು, ಲೈನು, ಆ ಗೂಳಿ ಹುಡುಗ, ನಾಳೆಯ ಫೈನಲ್. ನಿನ್ನ ತಮ್ಮ ನನ್ನನ್ನು ಜನ್ಮದಲ್ಲಿ ಕ್ಷಮಿಸುವುದಿಲ್ಲ, ಆಗಲಿ. ಅವ್ವ ಅಳಲಿಲ್ಲ, ಕೂಗಾಡಲಿಲ್ಲ. ಕೈಯಲ್ಲಿದ್ದ ಎಲೆಯ ಸುರುಳಿಗೆ ನಾರು ಕಟ್ಟಿದಳು. ಇನ್ನೊಂದನ್ನು ತೆಗೆದುಕೊಂಡು ಅದಕ್ಕೂ ಕಟ್ಟಿದಳು. ಆಮೇಲೆ ಕೇಳಿದಳು, "ನಾಳೆ ಎಷ್ಟ್ ಗಂಟೆಗೆ?" ಈಗ ಕೋಣೆಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಕಿಟಕಿ ಬಡಿಯುತ್ತಿದೆ, ಗಾಳಿ ಸ್ವಲ್ಪವೂ ಇಳಿದಿಲ್ಲ. ನಾಳೆ ಆಟವಾದ ಮೇಲೆ ಇದನ್ನು ಮುಗಿಸುವ ಮನಸ್ಸು ನನಗಿರುತ್ತದೋ ಇಲ್ಲವೋ.

ಮುಗಿಸಲು ಒಂದು ವಾರ ಹಿಡಿಯಿತು. ಕೇಳು.

ಅವ್ವ ಒಬ್ಬಳೇ ಬಸ್ಸಿನಲ್ಲಿ ಬಂದಳು. ಗ್ರೌಂಡಿನ ಗೇಟಿನಲ್ಲಿ ನನಗಾಗಿ ಕಾಯುತ್ತಿದ್ದಳು, ಕೈಯಲ್ಲಿ ಒಂದು ಚೀಲ. ಅಷ್ಟು ಗಂಡಸರ ನಡುವೆ ಒಬ್ಬಳೇ ಹೆಂಗಸು. ಪೂರ್ವದ ಗೋಲಿನ ಹಿಂದೆ ಬೇವಿನ ಮರವಿದೆಯಲ್ಲ, ನಾವು ಸೈಕಲ್ ಒರಗಿಸುತ್ತಿದ್ದದ್ದು, ಅದರ ಕೆಳಗೆ ಸೆರಗು ಹೊದ್ದು ಕೂತಳು. ಮೊದಲರ್ಧ ಮಾದು ಆಚೆ ತುದಿಯಲ್ಲಿದ್ದ. ಗಾಳಿ ನಮ್ಮ ಬೆನ್ನಿಗಿತ್ತು. ನಾವೇ ಒಂದು ಗೋಲು ಹೊಡೆದೆವು. ಜನ ಕುಣಿದರು. ಆಚೆ ತುದಿಯಿಂದ "ಬಾಗ್ಲು ಹಾಕು" ಎಂದು ಕೇಳಿಬಂದಾಗಲೆಲ್ಲ ಅವ್ವ ತಲೆ ಎತ್ತಿ ನನ್ನ ಮುಖ ನೋಡುತ್ತಿದ್ದಳು. ಅವಳಿಗೆ ಅದು ಗೊತ್ತಿರಲಿಲ್ಲ, ರಂಗ. ತನ್ನ ಮಾತನ್ನು ನೀನು ಇಲ್ಲಿಗೆ ತಂದದ್ದು ಅವಳಿಗೆ ನಾವು ಯಾರೂ ಹೇಳಿರಲಿಲ್ಲ.

ಎರಡನೇ ಅರ್ಧಕ್ಕೆ ಮಾದು ನಮ್ಮ ಕಡೆ ಬಂದ. ಬೇವಿನ ಮರದತ್ತ ನೋಡಲಿಲ್ಲ, ಮುಂದೆಯೇ ನೋಡುತ್ತಿದ್ದ. ಗಾಳಿ ಈಗ ಅವನ ಮುಖಕ್ಕೆ. ಲೈನು ಇಳಿಯಬಹುದೇನೋ ಎಂದು ಪಿ.ಡಿ. ಸಾರ್ ಕಡೆ ನೋಡಿದೆ. ಅವರು ಕೈಬೀಸಿ ಇನ್ನೂ ಮುಂದಕ್ಕೆ ಹೋಗಿ ಎಂದು ತೋರಿಸುತ್ತಿದ್ದರು. ಎರಡು ಸಲ ಸೀಟಿ ನಮ್ಮ ಕಡೆ ಆಯಿತು. ಮೂರನೆಯ ಸಲ ಬಾಲು ಆ ಗೂಳಿಯ ಕಾಲಿಗೆ ಬಂತು. ಮಾದು ಕೂಗಿದ. ನಾಲ್ವರೂ ಮುಂದಕ್ಕೆ ಹೋದರು. ಅವನು ತಲೆ ತಗ್ಗಿಸಿ, ಬಾಲನ್ನು ತಳ್ಳಿಕೊಂಡು ಅವರ ನಡುವೆಯೇ ದಾಟಿ ಬಂದ. ಆರು ವರ್ಷದ ಹಿಂದೆ ನನ್ನ ಬೆನ್ನ ಹಿಂದೆ ಆದದ್ದು ಈಗ ನನ್ನ ಕಣ್ಣೆದುರಿಗೆ ಆಗುತ್ತಿತ್ತು. 'ನಿಲ್ಲು' ಎಂದ ನನ್ನ ಮಾತು ಕೇಳಿರಲೇ ಇಲ್ಲ ಎನ್ನುವಂತೆ ಮಾದು ಗೋಲು ಬಿಟ್ಟು ಓಡಿದ. ಮೈ ತಗ್ಗಿಸಿದ, ಕೈ ಮುಂದಕ್ಕೆ ಚಾಚಿದ. ನನಗೆ ಬಾಯಿ ತೆರೆದರೂ ಶಬ್ದ ಬರಲಿಲ್ಲ.

"ರಂಗಾ! ಬ್ಯಾಡ ಕಣ್ಣೂ!"

ಮಾದುವಿನ ಹೆಸರನ್ನಲ್ಲ, ನಿನ್ನ ಹೆಸರನ್ನು ಕೂಗಿದಳು. ನೀನು ಹೋದಂದಿನಿಂದ ಅವಳು ಜೋರಾಗಿ ಕೂಗದಿದ್ದ ಹೆಸರು. ಯಾವಾಗ ಎದ್ದು ಬಂದಳೋ ನನಗೆ ಗೊತ್ತಿಲ್ಲ, ಗೋಲಿನ ಬಲೆಗೆ ಎರಡೂ ಕೈ ಸಿಕ್ಕಿಸಿ ನಿಂತಿದ್ದಳು. ಮಾದು ನಿಂತುಬಿಟ್ಟ. ಓಡುತ್ತಿದ್ದವನು ಇದ್ದಲ್ಲೇ ನಿಂತು ತಿರುಗಿ ನೋಡಿದ. ಆ ಹುಡುಗ ಅವನ ಪಕ್ಕದಲ್ಲಿ ಹಾದು, ಖಾಲಿ ಗೋಲಿಗೆ ಬಾಲನ್ನು ಮೆಲ್ಲಗೆ ತಳ್ಳಿದ. ಅದು ಉರುಳಿ ಬಂದು ಅವ್ವನ ಕಾಲ ಮುಂದೆ ಬಲೆಗೆ ತಾಗಿ ನಿಂತಿತು. ಆಮೇಲೆ ಇನ್ನೂ ಒಂದು ಬಿತ್ತು. ಸೋತೆವು.

ನಮ್ಮ ಹುಡುಗರು ಮಾದುವಿಗೆ ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ. ಪಿ.ಡಿ. ಸಾರ್ ಅವನ ಕಡೆ ನೋಡದೆ ಹೋದರು. ಅವ್ವ ಸೆರಗಿನಿಂದ ಅವನ ಮುಖದ ಮಣ್ಣು ಒರೆಸಿದಳು. "ಬಿಚ್ಚು" ಎಂದಳು. ಅಷ್ಟು ಜನರ ಎದುರು ಅವನು ಜರ್ಸಿ ಬಿಚ್ಚಿ ಕೊಟ್ಟ. ಅವಳು ಅದನ್ನು ಮಡಿಸಿ ಚೀಲದೊಳಗಿಟ್ಟು, ಚೀಲದಿಂದ ಅವನ ಒಂದು ಅಂಗಿ ತೆಗೆದಳು. ಮನೆಯಿಂದಲೇ ತಂದಿದ್ದಳು, ನೋಡು. ಕಾರಮಡೈ ಬಸ್ಸಿನಲ್ಲಿ ಚೀಲ ಅವಳ ಮಡಿಲಲ್ಲಿತ್ತು, ನಾನು ಅವರಿಬ್ಬರ ಹಿಂದಿನ ಸೀಟಿನಲ್ಲಿ ಕೂತೆ. ಮನೆ ಮುಟ್ಟಿದಾಗ ಕತ್ತಲಾಗುತ್ತಿತ್ತು. ಮಾದು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತ. ಅವ್ವ ದೀಪ ಹಚ್ಚಿ, ಅಡುಗೆಮನೆಯಿಂದಲೇ, ದಿನಾ ಹೇಳುವ ಹಾಗೆ, "ಮಾದಾ, ಸೊಳ್ಳೆ ಬತ್ತವೆ, ಬಾಗ್ಲು ಹಾಕು" ಎಂದಳು. ಅವನು ಎದ್ದು ಬಂದು ಬಾಗಿಲು ಹಾಕಿದ. ನನ್ನ ಮುಖ ನೋಡಲಿಲ್ಲ, ಈ ತನಕ ಮಾತೂ ಆಡಿಲ್ಲ. ಆಡದಿದ್ದರೂ ಚಿಂತೆಯಿಲ್ಲ. ನಿನ್ನ ತಮ್ಮ ಸೋತು, ಮನೆಗೆ ಬಂದು, ರಾತ್ರಿ ಸಾರನ್ನ ಉಂಡು ಮಲಗಿದ. ನಿನಗೆ ನಾನು ಕೊಡಬೇಕೆಂದಿದ್ದ ಸುದ್ದಿ ಇದೇ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನಿನ್ನೆ ಸಂಜೆ ಮತ್ತೆ ಗ್ರೌಂಡಿಗೆ ಹೋಗಿದ್ದೆ. ಲೈನು ಅಲ್ಲೇ ಇದೆ, ಸೆಂಟರ್ ಲೈನಿನಲ್ಲಿ. ಎಡಗಡೆಯ ಆ ಸೋಮಾರಿಯೂ ಅಲ್ಲೇ. ಗೋಲಿನಲ್ಲಿ ಹೊಸಬನೊಬ್ಬ ಹೊಸ ಜರ್ಸಿ ಹಾಕಿಕೊಂಡು ನಿಂತಿದ್ದ. ಕಾಂಗೇಯಂನ ಹುಡುಗ, ಅಪ್ಪ ಎಣ್ಣೆ ಗಾಣದಲ್ಲಿ ಕೆಲಸಕ್ಕಿದ್ದಾನಂತೆ. ಹೆದರಿಕೆ ಅಂದರೇನೆಂದೇ ಗೊತ್ತಿಲ್ಲ ಅವನಿಗೆ, ಯಾರ ಕಾಲಿಗೆ ಬೇಕಾದರೂ ಬೀಳುತ್ತಾನೆ. ಪಿ.ಡಿ. ಸಾರ್ ಅವನ ಬೆನ್ನು ತಟ್ಟುತ್ತಿದ್ದರು. ಅವನಿಗೂ ಕೂಗನ್ನು ಕಲಿಸಿದ್ದಾರೆ. 'ಹಾ' ಎಳೆಯಲು ಬರುವುದಿಲ್ಲ, ಆದರೂ ಬ್ಯಾಕ್‌ಗಳು ಹೆಜ್ಜೆ ಹಾಕುತ್ತಾರೆ. ಆಟ ನಿಂತಾಗ ನನ್ನ ಹತ್ತಿರ ಬಂದು ತಮಿಳಿನಲ್ಲಿ ಕೇಳಿದ, "ಅಣ್ಣೇ, ನೀವು ಕನ್ನಡದವರಂತೆ. ನಾನು ಕೂಗುತ್ತೇನಲ್ಲ, ಅದರ ಅರ್ಥ ಏನು?"

ಹೇಳಿದೆ. ಬಾಗಿಲು ಹಾಕು ಎಂದು ಅರ್ಥ, ಆದರೆ ಎಲ್ಲರೂ ಆಚೆ ಹೋಗಿ ಬಾಗಿಲು ಹಾಕಿದರೆ ಒಳಗೆ ಕಳ್ಳನ ಜೊತೆ ಉಳಿಯುವವನು ನೀನೊಬ್ಬನೇ ಎಂದೂ ಹೇಳಿದೆ. ತಮಾಷೆ ಅಂದುಕೊಂಡು ನಕ್ಕು ಓಡಿಹೋದ. ನೀನೂ ಹಾಗೇ ನಗುತ್ತಿದ್ದೆ.

ಅವನ ತಾಯಿ ಕಾಂಗೇಯಂನಲ್ಲಿದ್ದಾಳೆ, ಕರೆತರಲು ದೂರ. ಮುಂದಿನ ಆಟಗಳು ಇದೇ ಗಾಳಿಯಲ್ಲಿ ಶುರುವಾಗುತ್ತವೆ. ಅದಕ್ಕೇ ಬ್ಯಾಂಕು ಮುಗಿದಕೂಡಲೇ ದಿನಾ ಅಲ್ಲಿಗೆ ಹೋಗುತ್ತೇನೆ ರಂಗ, ಪೂರ್ವದ ಗೋಲಿನ ಹಿಂದೆ, ಅವ್ವ ನಿಂತಿದ್ದ ಜಾಗದಲ್ಲೇ ನಿಲ್ಲುತ್ತೇನೆ. ಈ ಸಲ ನನ್ನ ಗಂಟಲು ಕಟ್ಟುವುದಿಲ್ಲ. ಅವನ ಹೆಸರು ಕೇಳಿಟ್ಟುಕೊಂಡಿದ್ದೇನೆ. ಸೆಲ್ವ.

ನಿನ್ನ,
ನಂಜ